ಆಯಿಯ ಮರಳಿನ ಹೊಲ

೧೯೩೬, ಜುಲೈ ೨೬, ರವಿವಾರ. ಸೊಲ್ಲಾಪುರ. ಮುಂಜಾನೆ ಎಂಟೂವರೆಗೆ ಈ ಪತ್ರಿಕೆಗೆ ಬರೆಯಲು ಕೂತೆ.

ಇಂದು ಮಿಲ್ಲಿಗೆ ರಜೆ. ಪಾಳಿಗೆ ಕರೆಯುವ ಭೋಂಗಾ ಕೂಗಿಲ್ಲ, ಚಿಮಣಿಯಲ್ಲಿ ಹೊಗೆ ಇಲ್ಲ. ಮಾಳಿಗೆಯ ಮೇಲೆ ಒಣಗಲು ಹಾಕಿದ ಅಪ್ಪನ ಧೋತರ ಇನ್ನೂ ಬಿಳಿಯಾಗಿಯೇ ಇದೆ. ನಾಗರ ಪಂಚಮಿಗೆಂದು ತವರಿಗೆ ಬಂದಿದ್ದ ಅಕ್ಕ ನಿನ್ನೆ ಹೊರಟಳು. ಹೋಟಗಿಯವರೆಗೂ ಹೋಗಿ ಹುಬ್ಬಳ್ಳಿ ಕಡೆಯ ಗಾಡಿ ಹತ್ತಿಸಿ ಬಂದೆವು. ಗಾಡಿ ಅಲುಗಿದಾಗ ಅವಳು ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಹಿಡಿದು, "ಆಯಿಗೆ ಏನ ಹೇಳ್ಲಿ?" ಎಂದಳು. ಹೇಳುವುದು ಬಹಳ ಇತ್ತು. "ಏನೂ ಇಲ್ಲ" ಎಂದೆ. ಟಾಂಗಾದಲ್ಲಿ ಮನೆ ಮುಟ್ಟುವವರೆಗೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.

ಆಯಿ ಎಂದರೆ ನಮ್ಮ ತಂದೆಯ ತಾಯಿ. ನನಗೆ ಎರಡು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಂದಿನಿಂದ ನನ್ನನ್ನೂ ಅಕ್ಕನನ್ನೂ ಸಾಕಿದವಳು ಆಯಿಯೇ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳ ಮದುವೆಯಾದ ಮೇಲೆ ಆಯಿಯ ಮಗ್ಗುಲು ಪೂರ್ತಿ ನನ್ನದಾಯಿತು. ಆಗ ನಾನು ಬಹಳ ಅತ್ತೆನೆಂದು ಎಲ್ಲರೂ ಹೇಳುತ್ತಾರೆ. ಅತ್ತದ್ದು ನಿಜ. ಆದರೆ ಆ ರಾತ್ರಿಯೇ ಅಕ್ಕನ ಹಾಸಿಗೆ ಮಡಿಚಿಟ್ಟು ಆಯಿಯ ಬಲಗಡೆ ಹೋಗಿ ಮಲಗಿದ್ದೂ ನಿಜ. ಅದಕ್ಕೂ ಮೊದಲು ನನಗೆ ಸಿಗುತ್ತಿದ್ದುದು ಎಡಗಡೆ, ಗೋಡೆಯ ಬದಿ.

ಆಯಿ ಅಕ್ಕಲಕೋಟೆ ಹತ್ತಿರದ ಕುರನೂರಿನವಳು. ಬೋರಿ ಹೊಳೆಯ ದಂಡೆಗೆ ನಮ್ಮ ಹೊಲ. ಆಳುಗಳಿದ್ದರೂ ಕಸ ತೆಗೆಯುವ ದಿನಗಳಲ್ಲಿ ಆಯಿ ತಾನೇ ಖುರ್ಪಿ ಹಿಡಿದು ಸಾಲಿನಲ್ಲಿ ಕೂರುತ್ತಿದ್ದಳು. ಅವಳು ಹಾದು ಹೋದ ಸಾಲಿನಲ್ಲಿ ಜೋಳ ಬಿಟ್ಟರೆ ಒಂದು ಎಲೆ ಉಳಿಯುತ್ತಿರಲಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ರಾಶಿ ಕಾಲದ ಸುಂಕು, ಅಂದರೆ ಜೋಳ ತೂರುವಾಗ ಏಳುವ ಆ ನವಿರಾದ ಧೂಳು, ಅವಳ ಎದೆ ಸೇರಿ ದಮ್ಮು ಹತ್ತಿತು. ಅದಕ್ಕೇ ಅಪ್ಪ ಹೊಲವನ್ನು ಪಾಲಿಗೆ ಕೊಟ್ಟು, ಸೊಲ್ಲಾಪುರದ ಪೇಟೆಯಲ್ಲಿ ಕಾಳುಕಡಿಯ ದಲಾಲಿ ಮಾಡುವ ಆಡತಿ ಅಂಗಡಿ ಇಟ್ಟು ನಮ್ಮನ್ನೆಲ್ಲ ಕರೆತಂದರು. ಸುಂಕು ತಪ್ಪಿತು, ಮಿಲ್ಲಿನ ಹೊಗೆ ಗಂಟುಬಿತ್ತು.

ನಾನು ಸಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡ ಅಕ್ಷರ ತಿದ್ದಿಸಿದವರು ಅಪ್ಪ. ಅಂಗಡಿಯ ಲೆಕ್ಕ ಬರೆಯುವವರ ಮಗಳಾದ್ದರಿಂದಲೋ ಏನೋ, ತಾರೀಖು ಹಾಕದೆ ನನಗೆ ಏನೂ ಬರೆಯಲು ಬರುವುದಿಲ್ಲ. ಹತ್ತನೆಯ ವರ್ಷದಿಂದ ದಿನಚರಿ ಇಟ್ಟಿದ್ದೇನೆ. ಆಯಿಯ ದಮ್ಮಿನ ಲೆಕ್ಕವೂ ಅದರಲ್ಲಿದೆ. ಮುಂಜಾನೆ ಎದ್ದ ಕೂಡಲೇ, "ಆಯಿ, ನಿದ್ದಿ ಬಂತೇನ?" ಎಂದು ಕೇಳುವುದು, ಇಲ್ಲವೆಂದರೆ ಒಂದು ಗೀಟು ಎಳೆಯುವುದು. ತಿಂಗಳ ಕೊನೆಗೆ ಗೀಟು ಎಣಿಸುವುದು.

೧೯೩೪ರ ಪಂಚಮಿಗೆ ಅಕ್ಕ ಕಡಲ ಊರಿನಿಂದ ಬಂದಾಗ ಇದೆಲ್ಲ ಶುರುವಾಯಿತು.

ಭಾವನವರ ಮನೆತನ ಹುಬ್ಬಳ್ಳಿಯದು. ಅತ್ತೆ ಮಾವ ಅಲ್ಲಿಯೇ ಇದ್ದಾರೆ. ಮೆಣಸಿನಕಾಯಿ, ಶೇಂಗಾ, ಜೋಳದ ವ್ಯಾಪಾರಕ್ಕೆಂದು ಭಾವ ಅಂಕೋಲೆಯ ಕಡೆ ಸಮುದ್ರದ ದಂಡೆಯ ಒಂದು ಸಣ್ಣ ಪೇಟೆಯಲ್ಲಿ ಮನೆ ಮಾಡಿದ್ದರು. ಅಕ್ಕ ಅಲ್ಲಿಗೆ ಹೋಗಿ ಆಗ ಮೂರು ವರ್ಷವಾಗಿತ್ತು. ಜೋಕಾಲಿ ಕಟ್ಟಿದ ದಿನ ಅವಳು ಆಡಲು ಹೋಗದೆ ಪಡಸಾಲೆಯ ಕಿಟಕಿಯ ಹತ್ತಿರ ನಿಂತಳು. ಕಿಟಕಿಯ ದಂಡೆಯ ಮೇಲೆ ಬೆರಳು ಎಳೆದು ಆ ಮಸಿಯನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ನೋಡ. ಕಾಡಿಗಿ ಕೊಳ್ಳೂ ಕೆಲಸಾ ಇಲ್ಲ ನಿಮಗ."

"ಮುಂಜಾನೆನs ಒರಸೀನಿ" ಎಂದೆ.

"ಒರಸಿದ್ದು ಯಾರಿಗೆ ಕಾಣಬೇಕ? ನಮ್ಮೂರಾಗ ಎರಡ ದಿನ ಬಿಟ್ಟು ಒರಸಿದ್ರೂ ಬಟ್ಟಿ ಬೆಳ್ಳಗ ಇರತದ."

"ನಿಮ್ಮೂರಾಗ ಮೀನಿನ ನಾತ ಇರತದ, ಅದನ್ನ ಹೇಳ."

"ಮೀನಿನ ನಾತ ಮೂಗಿಗೆ ಬರತದ ತಂಗಿ. ನಿಮ್ಮ ಹೊಗಿ ಎದಿಗೆ ಬರತದ" ಎಂದು ಅಕ್ಕ ಆಯಿಯ ಕಡೆ ನೋಡಿದಳು.

ಆಮೇಲೆ ಹದಿನೈದು ದಿನ ಆ ಊರಿನದೇ ಮಾತು. ಅಲ್ಲಿ ಬಚ್ಚಲು ನೀರು ಓಣಿಗೆ ಹರಿಯುವುದಿಲ್ಲವಂತೆ, ಕಾಲುವೆ ತೋಡಿ ತೆಂಗಿನ ಬುಡಕ್ಕೆ ಬಿಡುತ್ತಾರಂತೆ. ಬಾವಿಗೆ ಎದೆಯೆತ್ತರ ಕಟ್ಟೆ ಇದೆಯಂತೆ. ಕಸವನ್ನು ಯಾರೂ ಸಮುದ್ರಕ್ಕೆ ಎಸೆಯುವುದಿಲ್ಲವಂತೆ. ಎಸೆದರೆ ಮರುದಿನದ ತೆರೆ ಅದನ್ನು ಎಸೆದವರ ಬಾಗಿಲಿಗೇ ತಂದು ಹಾಕುತ್ತದಂತೆ. ಪ್ರತಿ ಮನೆಯವರೂ ತಮ್ಮ ಅಂಗಳದಿಂದ ನೀರಿನ ಗೆರೆಯವರೆಗಿನ ಮರಳನ್ನು ತಾವೇ ನೋಡಿಕೊಳ್ಳುತ್ತಾರಂತೆ. ಸಂಜೆ ಊರಿಗೆ ಊರೇ ಅಲ್ಲಿ ಕೂತು ಗಾಳಿ ತೆಗೆದುಕೊಳ್ಳುತ್ತದಂತೆ. ಅಕ್ಕ ಉಟ್ಟ ಸೀರೆಯನ್ನು ನೋಡಿದರೆ ಸುಳ್ಳೆನ್ನಲೂ ಬರುವಂತಿರಲಿಲ್ಲ. ಮೂರು ವರ್ಷದ ಹಳೆಯ ಸೀರೆ. ಅದರ ಬಣ್ಣ ನನ್ನ ಹೊಸ ಸೀರೆಗಿಂತ ನಿಚ್ಚಳವಾಗಿತ್ತು.

ಹೊರಡುವ ಮುನ್ನಾದಿನ ಅವಳು ಅಪ್ಪನಿಗೆ ಹೇಳಿದಳು: "ಅಪ್ಪಾ, ಆಯಿನ್ನ ನನ್ನ ಕಡಿ ಕಳಸ್ರಿ. ಇಲ್ಲಿ ಇದ್ದರ ಇನ್ನ ಎರಡ ಚಳಿಗಾಲ ಆಕಿ ತಡಿಯಂಗಿಲ್ಲ."

ಅಪ್ಪ ಅಕ್ಕಲಕೋಟೆಯ ವೈದ್ಯರನ್ನು ಕೇಳಿದರು. ಅವರೂ ಧೂಳಿಲ್ಲದ ಕಡೆ ಇಡಿರಿ ಎಂದರು. ದೀಪಾವಳಿ ಮುಗಿಸಿ ಕಳಿಸುವುದೆಂದು ಮಾತಾಯಿತು. ಆಯಿಯನ್ನು ಯಾರೂ ಕೇಳಲಿಲ್ಲ. ನನ್ನನ್ನಂತೂ ಕೇಳುವ ಪ್ರಶ್ನೆಯೇ ಇರಲಿಲ್ಲ.

ನಡುವೆ ಎರಡೂವರೆ ತಿಂಗಳಿತ್ತು. ಅಷ್ಟರೊಳಗೆ ನಮ್ಮ ಮನೆಯನ್ನೇ ಕಡಲ ಊರು ಮಾಡಿ ತೋರಿಸುತ್ತೇನೆಂದು ಹಟ ಹಿಡಿದೆ. ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸಿದೆ. ದಿನಕ್ಕೆ ಮೂರು ಸಲ ನೆಲ ಒರಸಿದೆ. ಓಣಿಯ ಧೂಳಿಗೆ ಎರಡು ಹೊತ್ತು ನೀರು ಹೊಡೆದೆ. ಎದುರು ಮನೆಯವರು ಮಿಲ್ಲಿನಿಂದ ತಂದ ಹತ್ತಿಯ ಚಿಂದಿಯನ್ನು ನೀರೊಲೆಗೆ ಹಾಕುತ್ತಿದ್ದರು. ಅದರ ಹೊಗೆ ನೇರ ನಮ್ಮ ಪಡಸಾಲೆಗೆ. ಹೋಗಿ ಬೇಡಿಕೊಂಡೆ. ಆ ಮನೆಯ ಹೆಂಗಸು, ಎಲ್ಲರ ಬಾಯಲ್ಲೂ ಕಾಕು, ಸೊಂಟದ ಮೇಲೆ ಕೈಯಿಟ್ಟು ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಬರ್ರಿ ಬರ್ರಿ, ಬಾಯಿಸಾಹೇಬರು ಬಂದಾರ! ಮುನಸಿಪಾಲ್ಟಿ ಇವರ ಮನ್ಯಾಗs ಇಳದದ ನೋಡ್ರಿ! ಚಿಮಣಿಗೂ ಒಂದ ಗೋಣಿ ಕಟ್ಟಿ ಬಾ ಹೋಗ!"

ಆದರೂ ಮರುದಿನದಿಂದ ಚಿಂದಿ ಸುಡುವುದನ್ನು ಬಿಟ್ಟಳು. ಶ್ರಾವಣದಲ್ಲಿ ಆಯಿಗೆ ಹನ್ನೊಂದು ಕೆಟ್ಟ ರಾತ್ರಿಗಳಿದ್ದವು. ಆಶ್ವಯುಜದಲ್ಲಿ ಒಂಬತ್ತಾದವು. ನಾನು ಲೆಕ್ಕ ತೋರಿಸಿದಾಗ ಅಪ್ಪ ತಲೆ ಸವರಿ, "ಶಾಣ್ಯಾ ಹುಡುಗಿ" ಎಂದರು. ಟಿಕೀಟಿಗೆ ದುಡ್ಡು ತೆಗೆದಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನವೆಂಬರ್ ೧೫ಕ್ಕೆ ಹೊರಟೆವು. ಆಯಿ ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೆ ಜೊತೆಗಿರಲೆಂದು ನನ್ನನ್ನೂ ಕಳಿಸಿದರು. ಹುಬ್ಬಳ್ಳಿಯವರೆಗೆ ಗಾಡಿ, ಅಲ್ಲಿಂದ ಘಟ್ಟ ಇಳಿಯುವ ಮೋಟಾರು. ಆಯಿ ತನ್ನ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎರಡು ಸೀರೆ ಕಟ್ಟಿಕೊಂಡಿದ್ದಳು. ಖುರ್ಪಿಯನ್ನೂ ಹಾಕಿಕೊಂಡಿದ್ದು ನನಗೆ ಅಲ್ಲಿ ಗಂಟು ಬಿಚ್ಚಿದಾಗಲೇ ಗೊತ್ತಾದದ್ದು.

ಸಮುದ್ರ ನೋಡಿ ನಾನು ಬೆರಗಾಗಲಿಲ್ಲ ಎಂದು ಆ ದಿನ ಬರೆದಿದ್ದೇನೆ. ಅದು ಸುಳ್ಳು. ಬೆರಗಾಗಿದ್ದೆ. ಅಕ್ಕನ ಎದುರು ತೋರಿಸಲಿಲ್ಲ ಅಷ್ಟೆ. ಅವಳು ಹೇಳಿದ್ದರಲ್ಲಿ ಒಂದೂ ಹೆಚ್ಚಿನ ಮಾತಿರಲಿಲ್ಲ. ಬಾವಿಯ ನೀರಲ್ಲಿ ತಳ ಕಾಣುತ್ತಿತ್ತು. ತೆಂಗಿನ ಬುಡಕ್ಕೆ ಹರಿಯುವ ನೀರಿನ ಬದಿಗೆ ಬಸಳೆ ಹಬ್ಬಿಸಿದ್ದಳು. ಮುಂಜಾನೆ ಎದ್ದು ಬುಟ್ಟಿ ಹಿಡಿದು ತನ್ನ ಪಾಲಿನ ಮರಳಿಗೆ ಹೋಗುತ್ತಿದ್ದಳು. ರಾತ್ರಿ ತೆರೆ ತಂದ ಸಿಪ್ಪೆ, ಕೊಳೆತ ಹಗ್ಗ, ಕಟ್ಟಿಗೆಯ ತುಂಡು ಆರಿಸುತ್ತಿದ್ದಳು. ಕಟ್ಟಿಗೆ ಒಲೆಗೆ, ಸಿಪ್ಪೆ ಗೊಬ್ಬರದ ಗುಂಡಿಗೆ, ಹರಿದ ಬಲೆ ಸಿಕ್ಕರೆ ಪಕ್ಕದ ಮನೆಗೆ. ಆ ಮನೆಯ ಗಂಡಸು ದೋಣಿಯವನು. ಅವನ ಹೆಂಡತಿ ದಿನಕ್ಕೆ ಹತ್ತು ಸಲ ನಮ್ಮ ಬೇಲಿಯ ಮೇಲಿಂದ ಇಣುಕಿ ಮಾತಾಡುತ್ತಿದ್ದಳು.

ಒಂದು ತಿಂಗಳು ಕಳೆದು ಗೀಟು ಎಣಿಸಿದೆ. ಎರಡೇ ಇದ್ದವು. ಮತ್ತೊಮ್ಮೆ ಎಣಿಸಿದೆ. ಆಯಿಗೆ ಉಸಿರು ಹಗುರವಾದರೆ ಖುಷಿಪಡಬೇಕಾದವಳು ನಾನು. ಆ ಎರಡು ಗೀಟು ನೋಡಿದಾಗ, ನಾನು ಎರಡೂವರೆ ತಿಂಗಳು ಮೈಮುರಿದು ದುಡಿದು ಇಳಿಸಿದ್ದೂ ಎರಡೇ ಎಂಬುದೊಂದೇ ಕಣ್ಣಿಗೆ ಬಿತ್ತು. ಅಕ್ಕ ಏನೂ ಮಾಡಿರಲಿಲ್ಲ. ಬಾಗಿಲು ತೆರೆದಿಟ್ಟಿದ್ದಳು, ಅಷ್ಟೆ.

ಒಂದೇ ಆಸೆ ಉಳಿದಿತ್ತು. ಆಯಿಗೆ ಅಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಅಕ್ಕ ಕೆಲಸ ಮುಟ್ಟಗೊಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತ, "ಕುರನೂರಾಗ ಈಗ ಎಡಿ ಹೊಡದು ಕಸಾ ತಗೀತಿರಬೇಕ ಅಲ್ಲಾ?" ಎಂದು ನನ್ನನ್ನು ಕೇಳುತ್ತಿದ್ದಳು. "ಇಲ್ಲಿ ಮಂದಿ ಭಾಳ ಛಲೋ ಅದಾರ. ಆದರ ಅವರ ಭೂಮಿ ನೋಡ, ಬರೇ ಕಸ." ಅಂಗಳದಾಚೆ ಮರಳಿನ ಏರಿಯ ತುಂಬ ಒಂದು ಬಳ್ಳಿ ಹಬ್ಬಿತ್ತು. ಆಡಿನ ಗೊರಸಿನಂತೆ ಸೀಳಿದ ದಪ್ಪ ಎಲೆ, ನೇರಳೆ ಹೂವು. ಅಡುಂಬು ಬಳ್ಳಿ ಎನ್ನುತ್ತಿದ್ದರು. ಆಯಿ ಅದನ್ನು ನೋಡುವಾಗಲೆಲ್ಲ ಅವಳ ಬೆರಳುಗಳು ಮಡಚಿಕೊಳ್ಳುತ್ತಿದ್ದವು.

ಡಿಸೆಂಬರ್ ೧೯. ಅಕ್ಕ ಭಾವನವರೊಂದಿಗೆ ಪಕ್ಕದ ಊರಿಗೆ ಜಾತ್ರೆಗೆ ಹೋಗಿದ್ದಳು. ನಾನು ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆದು ಬಂದಾಗ ಆಯಿ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಖುರ್ಪಿ ಆಡುತ್ತಿತ್ತು. ಆಗಲೇ ಅರ್ಧ ಏರಿ ಬೋಳಾಗಿತ್ತು. ಕಿತ್ತ ಬಳ್ಳಿಯನ್ನು ಒಡ್ಡಿನ ಮೇಲೆ ಹಾಕುವಂತೆ ಒಂದು ಬದಿಗೆ ಓರಣವಾಗಿ ಒಟ್ಟಿದ್ದಳು. ಅವಳ ಮುಖದಲ್ಲಿ ಆ ಊರಿಗೆ ಬಂದ ಮೇಲೆ ನಾನು ಕಾಣದಿದ್ದ ಕಳೆ ಇತ್ತು.

"ಎಷ್ಟ ಮೆತ್ತಗ ಬರತದ ಗೊತ್ತೇನ? ಬೇರ ಸಮೇತ!" ಎಂದಳು.

ನನಗೂ ಚೆಂದ ಕಂಡಿತು. ಕಪ್ಪು ಮಣ್ಣಿನಲ್ಲಿ ಹುಟ್ಟಿದವರ ಕಣ್ಣಿಗೆ, ಬಿತ್ತದೇ ಬೆಳೆದದ್ದೆಲ್ಲ ಕಸವೇ. ಅಕ್ಕ ಮೂರು ವರ್ಷ ಕಸ ಬೆಳೆಸಿಕೊಂಡು ನಮಗೆ ಸ್ವಚ್ಛತೆ ಹೇಳಲು ಬಂದಿದ್ದಳಲ್ಲ, ಈಗ ನೋಡಲಿ ಎನಿಸಿತು. ಮಧ್ಯಾಹ್ನದ ಹೊತ್ತಿಗೆ ಅವಳ ಪಾಲಿನ ಮರಳು ಅಂಗೈಯಂತೆ ನುಣ್ಣಗಾಯಿತು.

ದೋಣಿಯವನ ಹೆಂಡತಿ ಬೇಲಿಯ ಮೇಲೆ ಇಣುಕಿದಳು.

"ಅಯ್ಯೋ ಅಜ್ಜಿ, ಎಂತ ಮಾಡಿದ್ರಿ!"

"ಕಸಾ ತಗದೀನವಾ. ನಿಂದೂ ಹಸನ ಮಾಡಿಕೊಡ್ಲೇನ?"

"ನಮ್ದು ಮುಟ್ಟಬೇಡಿ ಮಾರಾಯ್ತಿ!" ಎಂದು ಅವಳು ಬೇಲಿ ದಾಟಿಯೇ ಬಂದಳು. "ಅದು ಕಸ ಅಲ್ಲ. ಮರಳು ನಿಂತದ್ದೇ ಅದರಿಂದ. ಗಾಳಿ ತಿರುಗ್ಲಿ, ಆಗ ನೋಡಿ."

ಸಂಜೆ ಅಕ್ಕ ಬಂದು ನೋಡಿ ಮೊದಲು ನನ್ನ ಕಡೆ ತಿರುಗಿದಳು. "ನೀ ಏನ ಮಾಡಾಕತ್ತಿದ್ದಿ? ನೋಡಕೋತ ನಿಂತಿದ್ದೇನ?"

"ನನಗೇನ ಗೊತ್ತ? ನಿಮ್ಮೂರಾಗ ಕಸಕ್ಕೂ ಮರ್ಯಾದಿ ಅದ ಅಂತ ಹೇಳಿದ್ದೇನ ನೀ?"

ಆಯಿ ನಡುವೆ ಬಂದಳು. "ಆಕಿನ್ನ ಬೈಬ್ಯಾಡ. ಖುರ್ಪಿ ಹಿಡಿದಾಕಿ ನಾ. ಹೊಲದಾಗ ಬಳ್ಳಿ ಬಿಟ್ಟರ ಜೋಳದ ಕುತ್ತಿಗಿ ಹಿಸುಕ್ತದ. ಇಲ್ಲಿ ಹಂಗಲ್ಲ ಅಂತ ನನಗ ಯಾರು ಹೇಳ್ಯಾರ?"

ಮೂರನೆಯ ದಿನ ಮಧ್ಯಾಹ್ನ ಸಮುದ್ರದ ಗಾಳಿ ಬಿರುಸಾಯಿತು. ಮರಳು ಎದ್ದು ಬಂತು. ನಮ್ಮ ಸೊಲ್ಲಾಪುರದ ಧೂಳು ಮೇಲಿಂದ ಇಳಿಯುತ್ತದೆ. ಇದು ನೆಲದ ಮೇಲೆ ಹಾವಿನಂತೆ ಹರಿದು ಬಂತು. ಅಂಗಳ, ಹೊಸ್ತಿಲು, ಬಸಳೆಯ ಪಾತಿ ಎಲ್ಲ ತುಂಬಿತು. ಬಾವಿಯ ಕೊಡದಲ್ಲಿ ಮರಳು, ನಾದಿದ ಹಿಟ್ಟಿನಲ್ಲಿ ಮರಳು. ಪಕ್ಕದವರ ಅಂಗಳಕ್ಕೆ ಒಂದು ಕಾಳೂ ಹೋಗಲಿಲ್ಲ. ಬೇಲಿಯ ಆಚೆ ಬಳ್ಳಿ ಹಸಿರಾಗಿ ಮಲಗಿತ್ತು. ಆಯಿ ಒಳಗೆ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮಿದಳು. ಅಕ್ಕ ಹೊಸ್ತಿಲಿನ ಮರಳನ್ನು ಮೊರದಲ್ಲಿ ತುಂಬಿ ತುಂಬಿ ಹೊರಗೆ ಹಾಕಿದಳು.

ಗಾಳಿ ನಿಂತ ಮೇಲೆ ಆಯಿ ನನ್ನ ಕೈ ಹಿಡಿದಳು. "ಊರಿಗೆ ಹೋಗೂಣು ನಡಿ. ಇದು ನನಗ ತಿಳಿಯೂ ಭೂಮಿ ಅಲ್ಲ."

ಆ ದಿನದ ಸಂತೋಷವನ್ನು ಹೇಗೆ ಬರೆಯಲಿ? ಹೊರಗೆ ಅಕ್ಕನ ಅಂಗಳ ಹಾಳಾಗಿ ಬಿದ್ದಿತ್ತು, ಒಳಗೆ ನಾನು ಹಾಡು ಗುನುಗುತ್ತ ಆಯಿಯ ಸೀರೆ ಮಡಿಚುತ್ತಿದ್ದೆ. ಕರೆದುಕೊಂಡು ಹೋಗಲು ಬರಬೇಕೆಂದು ಅಪ್ಪನಿಗೆ ಕಾರ್ಡು ಹಾಕಿದೆ. ಅಕ್ಕ ನನ್ನನ್ನು ನೋಡಿ, "ಹೊಟ್ಟಿ ತಣ್ಣಗಾತೇನ?" ಎಂದಳು. ಆಗಿತ್ತು. ಇನ್ನೊಂದು ಸೀರೆ ಎತ್ತಿಕೊಂಡೆ.

ಮರುದಿನ ಮುಂಜಾನೆ ದೋಣಿಯವನ ಹೆಂಡತಿ ತಲೆಯ ಮೇಲೆ ಒಂದು ಹೊರೆ ಹೊತ್ತು ಬಂದಳು. ಹೊಳೆ ಸಮುದ್ರ ಸೇರುವ ಕಡೆ ಹೋಗಿ ಕೊಯ್ದು ತಂದ ಅಡುಂಬು ಬಳ್ಳಿ. ಅದನ್ನು ಆಯಿಯ ಕಾಲ ಹತ್ತಿರ ಇಳಿಸಿದಳು.

"ಕಿತ್ತವರೇ ನೆಡೋದು, ನಮ್ಮಲ್ಲಿ ಹಂಗೆ. ನಮ್ಮತ್ತೆ ಒಂದ್ಸಲ ದನ ಬಿಟ್ಟು ಮೇಯಿಸಿದ್ಳು. ಎಪ್ಪತ್ತು ವರ್ಷದವಳ ಕೈಲಿ ಊರವರು ನೆಡಿಸಿದ್ರು. ಏಳಿ ಅಜ್ಜಿ, ನಾ ತೋರಿಸ್ತೆ."

ಆಯಿ ಒಂದು ತುಂಡು ಎತ್ತಿಕೊಂಡು ಗಿಣ್ಣು ಗಿಣ್ಣಿಗೂ ಬೆರಳು ಆಡಿಸಿದಳು. "ಗಿಣ್ಣಿಗೊಂದ ಬೇರು ಬಿಡತದಲ್ಲಾ, ಕಬ್ಬಿನಂಗ?" ಎಂದಳು. ಎದ್ದು ಹೋಗಿ ಖುರ್ಪಿ ತಂದಳು. ನಾನು ಕಟ್ಟಿಟ್ಟ ಗಂಟನ್ನೇ ಬಿಚ್ಚಿ ತೆಗೆದದ್ದು.

ಆಯಿ ನೆಟ್ಟದ್ದು ಸಾಲಿನಲ್ಲಿ. ಗೇಣು ಇಟ್ಟು ಅಳೆದು, ಸಾಲಿಗೆ ಸಾಲು ಸಮ ಬಿಟ್ಟು, ಕುರನೂರಿನ ಹೊಲದಲ್ಲಿ ಹೇಗೋ ಹಾಗೆ. ದೋಣಿಯವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಿ, ಅದು ಬಳ್ಳಿ! ಹೆಂಗೆ ಬೇಕಾದ್ರೂ ಓಡ್ತದೆ!"

"ಓಡ್ಲಿ. ಮದಲ ಸಾಲಿನ್ಯಾಗ ನಿಂದರೂದ ಕಲೀಲಿ."

ಆಮೇಲೆ ಆಯಿ ಕಟ್ಟೆಯ ಮೇಲೆ ಕೂತದ್ದನ್ನು ನಾನು ಕಾಣಲಿಲ್ಲ. ಮುಂಜಾನೆ ಸಂಜೆ ತಂಬಿಗೆಯಲ್ಲಿ ಬಾವಿಯ ನೀರು ಹನಿಸುವುದು, ತೆಂಗಿನ ಗರಿ ನೆರಳಿಡುವುದು, ಆಡುಗಳ ಹಿಂದೆ ಓಡುವುದು. ಮರಳಿನಲ್ಲಿ ಆಡುವ ಮಕ್ಕಳಿಗೆ, "ಏ, ಬೆಳಿ ತುಳಿಬ್ಯಾಡ್ರೋ!" ಎಂದು ಕೂಗುವುದು. ಮಕ್ಕಳು ಅದನ್ನೇ ಅವಳ ದನಿಯಲ್ಲಿ ಅಣಕಿಸುವುದು. ಆಡಿನ ಹಿಂದೆ ಓಡಿ ಬಂದರೂ ಅವಳಿಗೆ ಉಸಿರು ಹತ್ತುತ್ತಿರಲಿಲ್ಲ. ನಾನು ಗೀಟು ಎಳೆಯುವುದನ್ನು ಬಿಟ್ಟೆ. ಎಳೆಯಲು ಇರಲಿಲ್ಲ.

ಜನೆವರಿ ೯ಕ್ಕೆ ಅಪ್ಪ ಬಂದರು. ಆಯಿ ಅವರನ್ನು ನೇರ ಮರಳಿಗೆ ಕರೆದೊಯ್ದು ಚಿಗುರು ತೋರಿಸಿದಳು.

"ಅವ್ವಾ, ಹೊರಡೂದಲ್ಲಾ?" ಎಂದರು ಅಪ್ಪ.

"ಹಚ್ಚಿ ಇಪ್ಪತ್ತ ದಿನಾ ಆಗಿಲ್ಲ. ಬೆಳಿ ಬಿಟ್ಟು ಹೆಂಗ ಏಳಲೋ? ನಿಂದರಲಿ, ಬರತೀನಿ."

"ಆಯಿ, ನೀನs ಅಂದಿದ್ದಿ, ಹೋಗೂಣು ಅಂತ" ಎಂದೆ.

"ಅಂದಿದ್ದೆ ಖರೆ. ಆಗ ಇಲ್ಲಿ ನಂದೇನೂ ಇರಲಿಲ್ಲ ಮಗಾ."

ಅಕ್ಕ ಹತ್ತಿರವೇ ನಿಂತಿದ್ದಳು. ಗೆದ್ದ ನಗೆ ನಕ್ಕಿದ್ದರೆ ಜಗಳವಾಡುತ್ತಿದ್ದೆ. ಅವಳು ನಗಲಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿ ಕಳಿಸಿದಳು. ಅದು ಇನ್ನೂ ಉರಿಸಿತು.

ಬೆಳೆ ನಿಂತಿತು. ಆಯಿ ಬರಲಿಲ್ಲ. ೧೯೩೫ರ ಪಂಚಮಿಗೆ ಅಕ್ಕ ಒಬ್ಬಳೇ ಬಂದು, ಮಳೆಗಾಲದ ತೆರೆಗೆ ಏರಿ ಒಂದು ಬದಿ ಕುಸಿದಿದೆ, ಆಯಿ ಮತ್ತೆ ನೆಡಬೇಕಂತೆ ಎಂದಳು. ಈ ಪಂಚಮಿಗೆ ತನ್ನ ಕೂಸನ್ನು ಎತ್ತಿಕೊಂಡು ಬಂದಳು, ಆಯಿ ಇಲ್ಲ. ಊರವರು ಮೂರು ಮನೆಯಾಚೆ ಖಾಲಿ ಬಿದ್ದ ಮರಳನ್ನೂ ಆಯಿಗೆ ಒಪ್ಪಿಸಿದ್ದಾರಂತೆ. "ಸಾಲಿನಜ್ಜಿ" ಎಂದರೆ ಈಗ ಪೇಟೆಯಲ್ಲಿ ಎಲ್ಲರಿಗೂ ಗೊತ್ತಂತೆ. ಆಯಿಯ ಬಲಗಡೆ ಈಗ ಅಕ್ಕನ ಆ ಒಂಬತ್ತು ತಿಂಗಳ ಮಗಳು ಮಲಗುತ್ತಾಳಂತೆ. ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡಬಹುದು. ಕೂಸಿನ ಮೇಲೆ, ಒಂದು ಬಳ್ಳಿಯ ಮೇಲೆ ಪಡುವುದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಆಯಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಳ್ಳಿಯ ತುಂಡು ಕಳಿಸಿದ್ದಳು. ಹಿತ್ತಲಿನ ಕಪ್ಪು ಮಣ್ಣಿಗೆ ನೆಟ್ಟೆ, ಮಳೆಗೆ ಕೊಳೆಯಿತು. ಈ ಸಲ ಮತ್ತೆ ಕಳಿಸಿದ್ದಾಳೆ. ಜೊತೆಗೆ ಅಕ್ಕನ ಬಾಯಲ್ಲಿ ಮಾತನ್ನೂ: "ಇದು ಅಲ್ಲಿ ಹತ್ತಿದರ ಹೇಳಂತ ಹೇಳು. ನೋಡಾಕರ ಬರತೀನಿ." ಬೋರಿ ಹೊಳೆಯ ಮರಳು ತರಿಸಿ, ಒಡೆದ ಗಡಿಗೆಯಲ್ಲಿ ತುಂಬಿ ನೆಟ್ಟಿದ್ದೇನೆ. ಎಲೆಯ ಮೇಲೆ ಮಿಲ್ಲಿನ ಮಸಿ ಬೀಳದಂತೆ ದಿನಾ ಒರಸುತ್ತೇನೆ. ಎದುರು ಮನೆಯ ಕಾಕು ಇಂದು ಮುಂಜಾನೆ ಬಂದು ನೋಡಿ, "ಇನ್ನ ಇದಕ್ಕ ಅಂಗಿ ಹೊಲಿಸೋದೊಂದ ಬಾಕಿ" ಎಂದಳು. ಆದರೆ ಹೋಗುವಾಗ ತನ್ನ ಕೊಡದಿಂದ ಒಂದು ಚೊಂಬು ನೀರು ಹಾಕಿ ಹೋದಳು.

ನನಗೆ ವರ ನೋಡುತ್ತಿದ್ದಾರೆ. ಬರುವ ಪಂಚಮಿಗೆ ನಾನೂ ಬೇರೆ ಮನೆಯಿಂದ ಬರುವವಳಾಗಬಹುದು. ಅದಕ್ಕೆ ಮುಂಚೆ ಒಂದು ಚಳಿಗಾಲವಾದರೂ ಆಯಿ ಈ ಮನೆಯಲ್ಲಿ, ನನ್ನ ಎಡಗಡೆ ಇರಬೇಕು. ಅದಕ್ಕಾಗಿ ಅವಳಿಗೆ ಇಲ್ಲಿ ಒಂದು ಹೊಲ ಬೇಕು, ಹಿತ್ತಲಿನಷ್ಟಾದರೂ.

ಇದನ್ನು ಓದಿ, ಮುದುಕಿ ಅಲ್ಲಿಯೇ ಸುಖವಾಗಿರಲಿ ಬಿಡು ಎನ್ನುವವರು ದಯಮಾಡಿ ಕಾಗದ ಖರ್ಚು ಮಾಡಬೇಡಿ. ಅದನ್ನು ಅಪ್ಪನಿಂದ ಹಿಡಿದು ಎಲ್ಲರೂ ಹೇಳಿಯಾಗಿದೆ. ಆದರೆ ಅಡುಂಬು ಬಳ್ಳಿಯನ್ನು ಕಪ್ಪು ಮಣ್ಣಿನ ಸೀಮೆಯಲ್ಲಿ ಬದುಕಿಸಿದವರು ಯಾರಾದರೂ ಇದ್ದರೆ, ಅಥವಾ ನಮ್ಮ ಭಾಗದ ಧೂಳನ್ನು ನೆಲಕ್ಕೆ ಹಿಡಿದಿಡುವ, ಮುದುಕಿಯೊಬ್ಬಳು ಸಾಲಿನಲ್ಲಿ ನೆಟ್ಟು ಸಾಕಬಹುದಾದ ಬೇರೆ ಬಳ್ಳಿ ಗೊತ್ತಿದ್ದರೆ, ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಯಾವ ತಿಂಗಳಲ್ಲಿ ನೆಟ್ಟಿರಿ, ಎಷ್ಟು ನೀರು ಹಾಕಿದಿರಿ ಎಂಬುದನ್ನೂ ತಿಳಿಸಿ. ಗಡಿಗೆಯ ಬಳ್ಳಿಯಲ್ಲಿ ಈ ಹೊತ್ತಿಗೆ ನಾಲ್ಕು ಎಲೆ ಇವೆ, ಒಂದು ಹಳದಿಯಾಗುತ್ತಿದೆ. ಬೇಗ ಬರೆಯಿರಿ.